ಮಾಯದ ಮೈಕೈ ನೋವು, ಬರಿದಾದ ಕಬ್ಬಿಣದ ಉಗ್ರಾಣ: ನಂಟನ್ನು ಪತ್ತೆ ಹಚ್ಚುವುದು ಹೇಗೆ?

“ಹಿಮೋಗ್ಲೋಬಿನ್ ಹನ್ನೆರಡಿದೆ, ರಕ್ತ ಚೆನ್ನಾಗಿಯೇ ಇದೆಯಲ್ಲ.” ಎಷ್ಟೋ ಹೆಂಗಸರ ಮೈಕೈ ನೋವಿನ ವಿಚಾರಣೆ ಈ ಒಂದು ಮಾತಿಗೆ ಮುಗಿದುಹೋಗುತ್ತದೆ. ಭುಜ, ಸೊಂಟ, ಮೀನಖಂಡಗಳು ವರ್ಷಗಟ್ಟಲೆ ಹಿಂಡುತ್ತಿದ್ದರೂ ವರದಿಯಲ್ಲಿ ಯಾವ ಅಂಕಿಯೂ ದಪ್ಪಕ್ಷರದಲ್ಲಿ ಎದ್ದು ಕಾಣದ ಕಾರಣ, ವಯಸ್ಸು, ಕೆಲಸ, ಚಿಂತೆ ಎಂಬ ಮೂರರಲ್ಲಿ ಒಂದು ಹೆಸರು ನೋವಿಗೆ ಅಂಟುತ್ತದೆ. ಆ ಮೂರೂ ನಿಜವೇ ಇರಬಹುದು. ಆದರೆ ಹಿಮೋಗ್ಲೋಬಿನ್ ಎನ್ನುವುದು ಅಂಗಡಿಯ ಮುಂಭಾಗದಲ್ಲಿ ಜೋಡಿಸಿಟ್ಟ ಸರಕಿನಂತೆ. ಒಳಗಿನ ಉಗ್ರಾಣ ಖಾಲಿಯಾದ ಎಷ್ಟೋ ದಿನಗಳ ಮೇಲೆ ಮುಂಭಾಗದ ಕಪಾಟು ಬರಿದಾಗುತ್ತದೆ. ಉಗ್ರಾಣದ ಲೆಕ್ಕ ಹೇಳುವ ಪರೀಕ್ಷೆಯೇ ಬೇರೆ, ಅದರ ಹೆಸರು ಫೆರಿಟಿನ್.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಿಡದೆ ಇರುವ ಅಥವಾ ಮತ್ತೆ ಮತ್ತೆ ಮರಳುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅಂಥ ನೋವಿರುವ ಹೆಣ್ಣುಮಕ್ಕಳು ತಮ್ಮ ಕಬ್ಬಿಣಾಂಶದ ಲೆಕ್ಕವನ್ನು ಹೇಗೆ ತೆಗೆಯಬೇಕು, ಕೊರತೆ ಕಂಡರೆ ಹೇಗೆ ತುಂಬಬೇಕು, ತುಂಬಿದ ಮೇಲೆ ಯಾವ ನೋವು ಇಳಿದೀತು, ಯಾವುದು ಇಳಿಯಲಾರದು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕಬ್ಬಿಣದ ಮಾತ್ರೆ ನುಂಗಿದರೆ ಎಲ್ಲ ನೋವೂ ಮಾಯ ಎನ್ನುವವರ ಸಾಲಿಗೆ ನಾನು ಸೇರಿದವಳಲ್ಲ.

ನೋವಿಗೂ ಕಬ್ಬಿಣಕ್ಕೂ ಏನು ನಂಟು?

ವಯಸ್ಕರ ಇಡೀ ದೇಹದಲ್ಲಿರುವ ಕಬ್ಬಿಣ 3ರಿಂದ 4 ಗ್ರಾಂ ಮಾತ್ರ, ಹೆಂಗಸರಲ್ಲಿ ಸಾಮಾನ್ಯವಾಗಿ ಅದಕ್ಕೂ ಕಡಿಮೆ. ಅದರ ಸುಮಾರು ಮೂರನೇ ಎರಡು ಭಾಗ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿ ಸೇರಿಕೊಂಡು ಆಮ್ಲಜನಕ ಹೊರುತ್ತದೆ. ಇನ್ನೊಂದು ಪಾಲು ಫೆರಿಟಿನ್ ರೂಪದಲ್ಲಿ ಕೂಡಿಟ್ಟ ದಾಸ್ತಾನು. ಇವೆರಡನ್ನು ಬಿಟ್ಟು ಚಿಕ್ಕದೊಂದು ಪಾಲು ಉಳಿಯುತ್ತದೆ. ನೋವಿನ ಕತೆಯಲ್ಲಿ ಅದರ ಪಾತ್ರ ದೊಡ್ಡದು. ಮಾಂಸಖಂಡದೊಳಗೆ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್‌ಗೆ ಕಬ್ಬಿಣ ಬೇಕು. ಜೀವಕೋಶದ ಒಲೆಯಂತಿರುವ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಿಸುವ ಕಿಣ್ವಗಳಿಗೂ ಬೇಕು. ಇವು ಸೊರಗಿದಾಗ ಮಾಂಸಖಂಡ ಸಣ್ಣ ಕೆಲಸಕ್ಕೇ ಬಳಲುತ್ತದೆ. ಎರಡು ಮಹಡಿ ಹತ್ತಿದರೆ ತೊಡೆ ಉರಿಯುತ್ತದೆ, ಬಟ್ಟೆ ಹಿಂಡಿದ ಮರುದಿನ ತೋಳು ಎತ್ತಲಾಗುವುದಿಲ್ಲ, ನಿನ್ನೆಯ ದಣಿವು ಇಂದಿಗೂ ಆರಿರುವುದಿಲ್ಲ.

ಮಿದುಳಿನಲ್ಲೂ ಇಂಥದೇ ಕೆಲಸ ನಡೆಯುತ್ತಿರುತ್ತದೆ. ಡೋಪಮಿನ್ ಮತ್ತು ಸಿರೊಟೋನಿನ್ ಎಂಬ ರಾಸಾಯನಿಕಗಳನ್ನು ತಯಾರಿಸುವ ಕಿಣ್ವಗಳಿಗೆ ಕಬ್ಬಿಣ ಬೇಕೇ ಬೇಕು. ಮಿದುಳಿನಿಂದ ಬೆನ್ನುಹುರಿಗೆ ಇಳಿದುಬಂದು ನೋವಿನ ಸದ್ದನ್ನು ತಗ್ಗಿಸುವ ವ್ಯವಸ್ಥೆಯಲ್ಲಿ ಇದೇ ರಾಸಾಯನಿಕಗಳು ಪಾಲುಗೊಳ್ಳುತ್ತವೆ. ಈ ನಂಟಿಗೆ ಗಟ್ಟಿಯಾದ ಪುರಾವೆ ಸಿಗುವುದು ಚಡಪಡಿಕೆಯ ಕಾಲುಗಳ ತೊಂದರೆಯಲ್ಲಿ. ರಾತ್ರಿ ಮಲಗಿದೊಡನೆ ಕಾಲಿನೊಳಗೆ ಹುಳ ಹರಿದಂತೆ, ಯಾರೋ ಎಳೆದಂತೆ ಆಗುತ್ತದೆ. ಕಾಲಾಡಿಸಿದರೆ ಮಾತ್ರ ಸಮಾಧಾನ. ಇದರ ಚಿಕಿತ್ಸೆಯಲ್ಲಿ ಪರಿಣತ ವೈದ್ಯರು ಮೊದಲು ನೋಡುವುದೇ ಫೆರಿಟಿನ್ ಅಂಕಿಯನ್ನು. ಅದು ಲೀಟರಿಗೆ 75 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣ ಕೊಡುವುದುಂಟು. ಕಾಲು ಆಡಿಸುತ್ತಾ ರಾತ್ರಿಗಳು ಕಳೆದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟವರಿಗೆ ಮೊದಲೇ ಇರುವ ಸೊಂಟನೋವು ಇಮ್ಮಡಿಯಾಗಿ ಕಾಣುತ್ತದೆ.

ಮೈಯೆಲ್ಲ ನೋಯುವ ಫೈಬ್ರೋಮಯಾಲ್ಜಿಯಾದ ವಿಷಯದಲ್ಲಿ ಮಾತ್ರ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಕೆಲವು ಅಧ್ಯಯನಗಳಲ್ಲಿ ಈ ರೋಗಿಗಳ ಫೆರಿಟಿನ್ ಕಡಿಮೆ ಕಂಡಿದೆ, ಕೆಲವದರಲ್ಲಿ ಕಂಡಿಲ್ಲ. ಹಾಗಾಗಿ ಅಲ್ಲಿ ಕಬ್ಬಿಣವನ್ನು ಮೂಲಕಾರಣ ಎನ್ನುವ ಬದಲು ಭಾರದ ಮೇಲಿನ ಭಾರ ಎಂದು ತಿಳಿಯುವುದು ಸರಿ. ಇಳಿಸಲು ಸಾಧ್ಯವಿರುವ ಭಾರವನ್ನಾದರೂ ಇಳಿಸೋಣ ಎಂಬುದಷ್ಟೇ ವಾದ.

ಇದೆಲ್ಲ ಕೊರತೆಯಿಂದ ನೋವು ಹುಟ್ಟುವ ದಾರಿ. ನೋವಿನಿಂದ ಕೊರತೆ ಹುಟ್ಟುವ ದಾರಿಯೂ ಉಂಟು, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಮಂಡಿನೋವಿಗೋ ತಲೆನೋವಿಗೋ ವಾರಕ್ಕೆ ನಾಲ್ಕಾರು ಸಲ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಆಸ್ಪಿರಿನ್‌ಗಳು ಜಠರ ಮತ್ತು ಕರುಳಿನ ಒಳಪದರವನ್ನು ಕೆರೆದು, ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುವಂತೆ ಮಾಡಬಲ್ಲವು. ಹೊಟ್ಟೆಯುರಿ ಬಾರದಿರಲೆಂದು ಜೊತೆಗೆ ಕೊಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು ಆಮ್ಲವನ್ನು ತಗ್ಗಿಸುತ್ತವೆ. ಆಹಾರದ ಕಬ್ಬಿಣ ಕರಗಿ ರಕ್ತಕ್ಕೆ ಸೇರಲು ಬೇಕಾದದ್ದು ಅದೇ ಆಮ್ಲ. ಒಂದು ಮಾತ್ರೆ ಸೋರಿಸುತ್ತದೆ, ಇನ್ನೊಂದು ತುಂಬಲು ಬಿಡುವುದಿಲ್ಲ. ರುಮಟಾಯ್ಡ್ ಸಂಧಿವಾತದಂಥ ಉರಿಯೂತದ ಕಾಯಿಲೆಗಳಲ್ಲಿ ಮತ್ತೊಂದು ತೊಡಕಿದೆ. ಲಿವರ್ ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಕಬ್ಬಿಣದ ಉಗ್ರಾಣಕ್ಕೆ ಬೀಗ ಹಾಕುವ ಕಾವಲುಗಾರ. ಉರಿಯೂತ ಹೆಚ್ಚಿದಾಗ ಈ ಕಾವಲುಗಾರನೂ ಬಿಗಿಯಾಗುತ್ತಾನೆ. ಆಗ ದಾಸ್ತಾನು ಒಳಗಿದ್ದರೂ ಕೈಗೆ ಸಿಗದು, ಕರುಳಿನಿಂದ ಹೊಸದೂ ಒಳಬರದು.

ನೋವು, ಕೊರತೆ ಎರಡನ್ನೂ ಒಂದೇ ಕಾಯಿಲೆ ಹೆರುವುದೂ ಉಂಟು. ಗರ್ಭಕೋಶದ ನಾರುಗಡ್ಡೆ, ಅಡೆನೊಮಯೋಸಿಸ್ (ಗರ್ಭಕೋಶದ ಒಳಪದರ ಅದರ ಗೋಡೆಯೊಳಗೆ ಬೆಳೆಯುವುದು), ಎಂಡೊಮೆಟ್ರಿಯೋಸಿಸ್ (ಆ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದು) ಇರುವವರಲ್ಲಿ ಹಲವರಿಗೆ ಕಿಬ್ಬೊಟ್ಟೆ, ಸೊಂಟ ನೋಯುವುದರ ಜೊತೆಗೆ ಮುಟ್ಟಿನ ಸ್ರಾವವೂ ಹೆಚ್ಚಿರುತ್ತದೆ. ಥೈರಾಯ್ಡ್ ಮಂದವಾದರೆ ಮಾಂಸಖಂಡ ನೋಯುತ್ತದೆ, ಸ್ರಾವವೂ ಏರುತ್ತದೆ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ಕಬ್ಬಿಣ ಹೀರಬೇಕಾದ ಕರುಳಿನ ಭಾಗವೇ ಹಾಳಾಗಿರುತ್ತದೆ; ಕೆಲವರಿಗೆ ಕೀಲುನೋವೇ ಅದರ ಮೊದಲ ಸುಳಿವು.

ಮೊದಲು ಒಂದು ಎಚ್ಚರಿಕೆ

ಕೆಳಗಿನ ಹೆಜ್ಜೆಗಳು ವಾರಗಟ್ಟಲೆ ಹಿಡಿಯುತ್ತವೆ. ಕೆಲವು ಲಕ್ಷಣಗಳಿಗೆ ಅಷ್ಟು ಕಾಯುವಂತಿಲ್ಲ. ಎದೆನೋವು, ಕುಳಿತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ದುರ್ವಾಸನೆ ಬೀರುವ ಮಲ, ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಗಂಟೆ ಮೀರಿದರೂ ನಿಲ್ಲದ ಸ್ರಾವ: ಇವುಗಳಲ್ಲಿ ಯಾವುದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನ ಜೊತೆ ಕಾಲು ಸೋತರೆ ಅಥವಾ ಮೂತ್ರದ ಹಿಡಿತ ತಪ್ಪಿದರೂ ಹಾಗೆಯೇ. ಮುಟ್ಟು ನಿಂತು ವರ್ಷವಾದ ಮೇಲೆ ಕಾಣುವ ರಕ್ತದ ಒಂದು ಕಲೆಯನ್ನೂ, ಕಾರಣವಿಲ್ಲದೆ ಇಳಿಯುವ ತೂಕವನ್ನೂ ತಡಮಾಡದೆ ವೈದ್ಯರಿಗೆ ತೋರಿಸಿ.

ಹೆಜ್ಜೆ 1: ನೋವಿನ ದಿನಚರಿ

ಎರಡು ಮುಟ್ಟಿನ ಚಕ್ರ ಮುಗಿಯುವವರೆಗೆ, ಮುಟ್ಟು ನಿಂತವರಾದರೆ ಆರು ವಾರ, ಒಂದು ಪುಸ್ತಕದಲ್ಲಿ ದಿನಕ್ಕೆ ಎರಡು ಸಾಲು ಬರೆಯಿರಿ. ಎಲ್ಲಿ ನೋವು, ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಏನು ಮಾಡಿದಾಗ ಹೆಚ್ಚಿತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು. ಹೆಚ್ಚು ಬರೆಯಲು ಹೋದರೆ ಐದನೆಯ ದಿನಕ್ಕೆ ಪುಸ್ತಕ ಮೂಲೆ ಸೇರುತ್ತದೆ, ಎರಡೇ ಸಾಲು ಸಾಕು.

ನೋವಿನಂತೆ ತೋರದ ಸುಳಿವುಗಳಿಗೂ ಒಂದು ಪುಟ ಬಿಡಿ. ಮೆಟ್ಟಿಲು ಹತ್ತುವಾಗ ಎದೆ ಡವಗುಟ್ಟುವುದು, ಬಾಚಣಿಗೆಯಲ್ಲಿ ಕೂದಲು ಗೊಂಚಲಾಗಿ ಬರುವುದು, ಉಗುರು ಸೀಳುವುದು ಅಥವಾ ಚಮಚದಂತೆ ಒಳಬಾಗುವುದು, ನಾಲಿಗೆ ಉರಿ, ತುಟಿಯಂಚಿನ ಸೀಳು. ಮಂಜುಗಡ್ಡೆ, ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕೆನ್ನುವ ತಡೆಯಲಾರದ ಆಸೆ ಕಬ್ಬಿಣದ ಕೊರತೆಯ ಬಹಳ ನಿಚ್ಚಳವಾದ ಗುರುತು. ನಾಚಿಕೆಯಿಂದ ಇದನ್ನು ವೈದ್ಯರ ಮುಂದೆ ಬಾಯಿಬಿಡದವರೇ ಹೆಚ್ಚು. ಬರೆದಿಟ್ಟರೆ ಪುಸ್ತಕವೇ ಹೇಳುತ್ತದೆ.

ಹೆಜ್ಜೆ 2: ಸ್ರಾವವನ್ನು ಅಳೆಯಿರಿ

“ನನಗೆ ಮೊದಲಿನಿಂದಲೂ ಹೀಗೆಯೇ, ನಮ್ಮಮ್ಮನಿಗೂ ಹೀಗೆಯೇ” ಎಂಬ ಮಾತು ಯಾವ ಲೆಕ್ಕಕ್ಕೂ ಆಧಾರವಾಗದು. ಅಮ್ಮನಿಗೂ ಕೊರತೆಯೇ ಇದ್ದಿರಬಹುದು.

ಲೆಕ್ಕ ಸರಳವಾಗಿದೆ. ಒಂದು ಮಿಲಿಲೀಟರ್ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಸಾಮಾನ್ಯ ಮುಟ್ಟಿನಲ್ಲಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. ಅದು 80 ದಾಟಿದರೆ ಅತಿಸ್ರಾವ ಎನ್ನುತ್ತಾರೆ. ಎಂಬತ್ತು ಮಿಲಿಲೀಟರ್ ಎಂದರೆ 40 ಮಿಲಿಗ್ರಾಂ ಕಬ್ಬಿಣ, ತಿಂಗಳಿಗೆ ಹಂಚಿದರೆ ದಿನಕ್ಕೆ 1.3 ಮಿಲಿಗ್ರಾಂ. ಚರ್ಮ, ಕರುಳಿನ ಕೋಶಗಳು ಉದುರುವುದರಿಂದ ಎಲ್ಲರಲ್ಲೂ ದಿನಕ್ಕೆ ಸುಮಾರು 1 ಮಿಲಿಗ್ರಾಂ ಹೋಗುತ್ತಲೇ ಇರುತ್ತದೆ. ಒಟ್ಟು ಖರ್ಚು 2.3. ದಿನದ ಊಟದಿಂದ ದೇಹ ಹೀರಿಕೊಳ್ಳುವುದೋ 1ರಿಂದ 2 ಮಿಲಿಗ್ರಾಂ. ಎಷ್ಟು ಚೆನ್ನಾಗಿ ಉಂಡರೂ ಈ ಲೆಕ್ಕ ತೂಗುವುದಿಲ್ಲ. ಸೊಪ್ಪು ತಿನ್ನು ಎಂಬ ಉಪದೇಶ ಇಂಥವರ ಪಾಲಿಗೆ ಫಲ ಕೊಡದಿರುವುದು ಇದೇ ಕಾರಣಕ್ಕೆ.

ಮನೆಯಲ್ಲಿ ಮಿಲಿಲೀಟರ್ ಅಳೆಯುವವರು ಯಾರೂ ಇಲ್ಲ. ಬದಲಿಗೆ ಇವನ್ನು ಗಮನಿಸಿ: ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತದೆಯೇ, ಎರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಳ್ಳುವಿರಾ, ರಾತ್ರಿ ಹಾಸಿಗೆ ಕಲೆಯಾಗುತ್ತದೆಯೇ, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಹೆಪ್ಪುಗಳು ಬೀಳುತ್ತವೆಯೇ, ಸ್ರಾವ ಏಳು ದಿನ ಮೀರುತ್ತದೆಯೇ. ಆ ದಿನಗಳಲ್ಲಿ ಪ್ರಯಾಣ, ಸಮಾರಂಭ ತಪ್ಪಿಸಿಕೊಳ್ಳುತ್ತೀರಿ ಎಂದರೆ ಅದೂ ಅಳತೆಯೇ. ಮುಟ್ಟಿನ ಕಪ್ ಬಳಸುವವರಿಗೆ ಒಂದು ಅನುಕೂಲವಿದೆ, ಅದರ ಮೇಲೆ ಗುರುತುಗಳಿದ್ದರೆ ನೇರವಾಗಿ ಓದಿ ಬರೆದುಕೊಳ್ಳಬಹುದು.

ರಕ್ತದಾನ ಮಾಡುವ ಅಭ್ಯಾಸವಿದ್ದರೆ ಅದನ್ನೂ ಬರೆಯಿರಿ. ಒಂದು ಸಲದ ದಾನದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಹತ್ತಿರ ಹತ್ತಿರದ ಹೆರಿಗೆಗಳು, ಎದೆಹಾಲೂಡಿಸಿದ ಅವಧಿ, ಹೊಟ್ಟೆಯ ಶಸ್ತ್ರಚಿಕಿತ್ಸೆ, ಕಾಪರ್ ಟಿ ಹಾಕಿಸಿಕೊಂಡ ದಿನಾಂಕ ಇವೂ ಬೇಕು. ಕಾಪರ್ ಟಿ ಕೆಲವರಲ್ಲಿ ಸ್ರಾವವನ್ನೂ ಕಿಬ್ಬೊಟ್ಟೆಯ ಹಿಂಡುವಿಕೆಯನ್ನೂ ಹೆಚ್ಚಿಸುತ್ತದೆ.

ಹೆಜ್ಜೆ 3: ಔಷಧಿಯ ಡಬ್ಬಿ ಬರಿದು ಮಾಡಿ ನೋಡಿ

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಕಳೆದ ತಿಂಗಳು ಯಾವುದನ್ನು ಎಷ್ಟು ಸಲ ನುಂಗಿದಿರಿ ಎಂದು ಪ್ರಾಮಾಣಿಕವಾಗಿ ಬರೆಯಿರಿ. ಶೀತ, ತಲೆನೋವಿಗೆಂದು ಚೀಟಿಯಿಲ್ಲದೆ ಕೊಂಡ ಮಾತ್ರೆಗಳೂ ಈ ಪಟ್ಟಿಗೆ ಸೇರಲಿ. ಒಂದೇ ನೋವುನಿವಾರಕ ಬೇರೆ ಬೇರೆ ಹೆಸರಿನ ಎರಡು ಮಾತ್ರೆ ಸ್ಟ್ರಿಪ್‌ಗಳಲ್ಲಿ ಇರುವುದು ಅಪರೂಪವೇನಲ್ಲ, ಹಿಂಬದಿಯ ಸಣ್ಣ ಅಕ್ಷರ ಓದಿದರೆ ಗೊತ್ತಾಗುತ್ತದೆ.

ಪಟ್ಟಿ ನೋಡಿ ಗಾಬರಿಯಿಂದ ಎಲ್ಲವನ್ನೂ ನಿಲ್ಲಿಸಬೇಡಿ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಅಥವಾ ರಕ್ತ ತೆಳುಮಾಡುವ ಔಷಧಿಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸುವುದು ಅಪಾಯ. ಇನ್ನೊಂದು ಸೂಕ್ಷ್ಮವೂ ಇದೆ. ಐಬುಪ್ರೊಫೆನ್ ಗುಂಪಿನ ನೋವುನಿವಾರಕಗಳಾದ ಮೆಫೆನಾಮಿಕ್ ಆಮ್ಲ, ನ್ಯಾಪ್ರೊಕ್ಸೆನ್‌ಗಳನ್ನು ಮುಟ್ಟಿನ ಮೂರ್ನಾಲ್ಕು ದಿನ ಮಾತ್ರ ತೆಗೆದುಕೊಂಡರೆ ಹೊಟ್ಟೆನೋವಿನ ಜೊತೆ ಸ್ರಾವವೂ ತಗ್ಗುತ್ತದೆ. ವರ್ಷವಿಡೀ ಬೆನ್ನಿಗೆಂದು ನುಂಗಿದಾಗ ಜಠರದಿಂದ ರಕ್ತ ಜಿನುಗಿಸಬಲ್ಲದ್ದು ಗರ್ಭಕೋಶದ ರಕ್ತವನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಮಾತ್ರೆಯ ಹೆಸರಿನ ಪಕ್ಕದಲ್ಲಿ ಯಾವಾಗ, ಎಷ್ಟು ದಿನ ಎಂಬುದೂ ಇರಬೇಕು. ವೈದ್ಯರು ನೋಡಿ, ಪ್ಯಾರಾಸಿಟಮಾಲ್, ಹೊರಗೆ ಹಚ್ಚುವ ಜೆಲ್, ವ್ಯಾಯಾಮ ಚಿಕಿತ್ಸೆ ಮುಂತಾದವುಗಳಲ್ಲಿ ಯಾವುದಕ್ಕೆ ಬದಲಿಸಬಹುದೆಂದು ಹೇಳಿಯಾರು.

ಹೆಜ್ಜೆ 4: ಯಾವ ಪರೀಕ್ಷೆ, ಅಂಕಿಗಳನ್ನು ಓದುವುದು ಹೇಗೆ

ನಾಲ್ಕು ಪರೀಕ್ಷೆಗಳನ್ನು ಹೆಸರು ಹಿಡಿದು ಕೇಳಿ: ಪೂರ್ಣ ರಕ್ತಕಣ ಎಣಿಕೆ, ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಶೇಕಡಾ ಎಷ್ಟು ತುಂಬಿದೆ ಎಂಬ ಲೆಕ್ಕ), ಸಿಆರ್‌ಪಿ (ಉರಿಯೂತದ ಅಳತೆ). ಬೆಳಿಗ್ಗೆ ಏನೂ ತಿನ್ನದೆ ರಕ್ತ ಕೊಡುವುದು ಒಳ್ಳೆಯದು. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಹಿಂದಿನ ದಿನವೇ ನಿಲ್ಲಿಸಿರಬೇಕು. ಜ್ವರ, ನೆಗಡಿ ಇರುವ ವಾರ ಬೇಡ.

ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. ಜಗತ್ತಿನಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ 30ರಷ್ಟು ಮಂದಿ ಈ ಗೆರೆಯ ಕೆಳಗಿದ್ದಾರೆ. ಗೆರೆಯ ಮೇಲಿದ್ದೂ ಉಗ್ರಾಣ ಖಾಲಿಯಿರುವವರು ಈ ಲೆಕ್ಕದಲ್ಲಿ ಸೇರಿಲ್ಲ.

ಫೆರಿಟಿನ್ ಅಂಕಿಯನ್ನು ಓದುವಾಗಲೇ ಎಡವುವುದು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ, ಬೇರೆ ಕಾಯಿಲೆಯಿಲ್ಲದ ವಯಸ್ಕರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಸೋಂಕು ಅಥವಾ ಉರಿಯೂತ ಇರುವವರಲ್ಲಿ ಗೆರೆ 70ಕ್ಕೆ ಏರುತ್ತದೆ. ಅನೇಕ ವೈದ್ಯರು ಲಕ್ಷಣಗಳಿರುವ ಹೆಂಗಸರಲ್ಲಿ 30ನ್ನೇ ಗೆರೆಯಾಗಿ ಹಿಡಿಯುತ್ತಾರೆ. ಆದರೆ ಹಲವು ಪ್ರಯೋಗಾಲಯಗಳ ವರದಿಯಲ್ಲಿ ಹೆಂಗಸರ ಸಹಜ ಮಿತಿ 10 ಅಥವಾ 15ರ ಆಸುಪಾಸಿನಿಂದಲೇ ಆರಂಭವಾಗುತ್ತದೆ. ಹಾಗಾಗಿ 16 ಬಂದರೂ ಯಂತ್ರ ಅದನ್ನು ಸಹಜ ಎಂದೇ ಮುದ್ರಿಸುತ್ತದೆ. ಕೊರತೆಯಿರುವ ಹೆಂಗಸರನ್ನೂ ಸೇರಿಸಿ ತೆಗೆದ ಮಿತಿಯನ್ನು ಸಹಜ ಎನ್ನುವುದು ಎಷ್ಟು ಸರಿ ಎಂದು ನಾನಂತೂ ಕೇಳುತ್ತಲೇ ಇರುತ್ತೇನೆ. ವರದಿಯಲ್ಲಿ ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದಿದ್ದರೆ ಗೊಂದಲ ಬೇಡ, ಅಂಕಿ ಅದೇ.

ಫೆರಿಟಿನ್ ಇನ್ನೊಂದು ಬಗೆಯಲ್ಲೂ ದಾರಿ ತಪ್ಪಿಸುತ್ತದೆ. ಉರಿಯೂತ, ಸೋಂಕು, ಲಿವರ್ ತೊಂದರೆಗಳಲ್ಲಿ ಅದು ಸುಳ್ಳುಸುಳ್ಳಾಗಿ ಏರುತ್ತದೆ. ಸಂಧಿವಾತದ ನೋವಿರುವವರ ಫೆರಿಟಿನ್ 60 ಇದ್ದು ಸಿಆರ್‌ಪಿ ಹೆಚ್ಚಿದ್ದರೆ, ಆ 60ನ್ನು ನಂಬುವಂತಿಲ್ಲ. ಅಂಥಲ್ಲಿ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಸಾಕ್ಷಿ ಹೇಳಬೇಕು. ಅದು ಶೇ 20ಕ್ಕಿಂತ ಕಡಿಮೆಯಿದ್ದರೆ ಕೆಲಸಕ್ಕೆ ಒದಗುವ ಕಬ್ಬಿಣ ಸಾಲದು ಎಂದೇ ಅರ್ಥ.

ರಕ್ತಕಣಗಳ ಗಾತ್ರವನ್ನು ಹೇಳುವ ಎಂಸಿವಿ 80ಕ್ಕಿಂತ ಕಡಿಮೆಯಿದ್ದರೆ ಕೊರತೆಯ ಅನುಮಾನ ಬಲವಾಗುತ್ತದೆ. ಜೊತೆಗೆ ಬಿ12 ಕೊರತೆಯೂ ಇದ್ದರೆ ಒಂದು ಕೊರತೆ ಕಣಗಳನ್ನು ಕುಗ್ಗಿಸಿ, ಇನ್ನೊಂದು ಕೊರತೆ ಹಿಗ್ಗಿಸಿ, ಸರಾಸರಿ ಸಹಜವಾಗಿಯೇ ಕಾಣಬಹುದು. ಎಂಸಿವಿ ತೀರಾ ಕಡಿಮೆಯಿದ್ದೂ ಫೆರಿಟಿನ್ ತುಂಬಿಯೇ ಇದ್ದರೆ ಹಿಮೋಗ್ಲೋಬಿನ್ ತಯಾರಿಕೆಯ ದೋಷವಾದ ಥಲಸೀಮಿಯಾ ಹುಟ್ಟಿನಿಂದಲೇ ಸೌಮ್ಯ ರೂಪದಲ್ಲಿ ಬಂದಿರಬಹುದು. ಅವರಿಗೆ ವರ್ಷಗಟ್ಟಲೆ ಕಬ್ಬಿಣ ತಿನ್ನಿಸುವುದು ತಪ್ಪು.

ನೋವೇ ಮುಖ್ಯ ದೂರಾಗಿದ್ದರೆ ಅದೇ ರಕ್ತದಲ್ಲಿ ಬಿ12, ಡಿ ವಿಟಮಿನ್, ಥೈರಾಯ್ಡ್ ನೋಡಿಸಿಬಿಡಿ. ಮೂರೂ ಮೈಕೈ ನೋವಿಗೆ ಹೆಸರಾದವು, ಕಬ್ಬಿಣದ ಕೊರತೆಯ ಜೊತೆಗೇ ಕಾಣಿಸಿಕೊಳ್ಳುವಂಥವು.

ಹೆಜ್ಜೆ 5: ಸೋರಿಕೆ ಎಲ್ಲಿ?

ಕೊರತೆ ಖಚಿತವಾದೊಡನೆ ಮಾತ್ರೆ ಬರೆದು ಕೈತೊಳೆದುಕೊಳ್ಳುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. “ನನ್ನಲ್ಲಿ ಕಬ್ಬಿಣ ಕಡಿಮೆಯಾದದ್ದು ಯಾಕೆ?” ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ವೈದ್ಯರನ್ನು ಕೇಳುತ್ತಿರಿ.

ಮುಟ್ಟು ಇನ್ನೂ ಇರುವವರಲ್ಲಿ ಬಹುಪಾಲು ಉತ್ತರ ಗರ್ಭಕೋಶದಲ್ಲಿ ಸಿಗುತ್ತದೆ. ಕಿಬ್ಬೊಟ್ಟೆಯ ಸ್ಕ್ಯಾನ್ ನಾರುಗಡ್ಡೆ, ಅಡೆನೊಮಯೋಸಿಸ್‌ಗಳನ್ನು ತೋರಿಸಬಲ್ಲದು. ಎಂಡೊಮೆಟ್ರಿಯೋಸಿಸ್ ಮಾತ್ರ ಹಲವು ಸಲ ಸ್ಕ್ಯಾನಿನ ಕಣ್ಣು ತಪ್ಪಿಸುತ್ತದೆ. ಮುಟ್ಟಿನಲ್ಲಿ ಮಲವಿಸರ್ಜನೆಗೆ ಹೋದಾಗ ನೋವು, ಸಂಭೋಗದಲ್ಲಿ ಆಳದ ನೋವು ಇದ್ದರೆ ಸ್ಕ್ಯಾನ್ ಸರಿಯಿದೆ ಎಂಬ ಮಾತಿಗೆ ಸುಮ್ಮನಾಗಬೇಡಿ. ಸ್ರಾವ ತಗ್ಗಿಸಲು ದಾರಿಗಳಿವೆ. ಸ್ರಾವದ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಮ್ಲ ಅದನ್ನು ಅರ್ಧದ ಹತ್ತಿರಕ್ಕೆ ಇಳಿಸಬಲ್ಲದು, ಆದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ ಅದು ಸಲ್ಲದು. ಗರ್ಭಕೋಶದೊಳಗೆ ಇಡುವ ಲೆವೊನಾರ್ಜೆಸ್ಟ್ರೆಲ್ ಹಾರ್ಮೋನಿನ ಸಾಧನ ಇನ್ನೂ ಹೆಚ್ಚು ತಗ್ಗಿಸುತ್ತದೆ, ಮುಟ್ಟಿನ ನೋವನ್ನೂ ಇಳಿಸುತ್ತದೆ.

ಸ್ರಾವ ಮಿತವಾಗಿಯೇ ಇದ್ದು ಕೊರತೆ ಇದ್ದರೆ ನೋಟ ಹೊಟ್ಟೆಯ ಕಡೆ ತಿರುಗಬೇಕು: ಸೀಲಿಯಾಕ್ ಪರೀಕ್ಷೆ, ಜಠರದ ಹೆಲಿಕೊಬ್ಯಾಕ್ಟರ್ ಸೋಂಕು, ಮೂಲವ್ಯಾಧಿ, ಕೊಕ್ಕೆಹುಳು. ಮುಟ್ಟು ನಿಂತವರಲ್ಲಿ ಕೊರತೆ ಕಂಡರೆ ಜಠರ ಮತ್ತು ದೊಡ್ಡ ಕರುಳಿನ ಎಂಡೊಸ್ಕೋಪಿಯನ್ನು ಮುಂದೂಡಬಾರದು. ಕರುಳಿನ ಕ್ಯಾನ್ಸರಿನ ಮೊದಲ ಸುಳಿವು ಕಬ್ಬಿಣದ ಕೊರತೆಯೇ ಆಗಿರುವುದುಂಟು.

ಹೆಜ್ಜೆ 6: ಉಗ್ರಾಣ ತುಂಬುವುದು

ಮಾತ್ರೆಯ ಪಟ್ಟಿಯ ಮೇಲೆ ಲವಣದ ತೂಕ, ಅದರಲ್ಲಿರುವ ಕಬ್ಬಿಣದ ತೂಕ ಎರಡೂ ಬೇರೆ. 200 ಮಿಲಿಗ್ರಾಂ ಒಣ ಫೆರಸ್ ಸಲ್ಫೇಟ್‌ನಲ್ಲಿ ಕಬ್ಬಿಣ ಸುಮಾರು 65 ಮಿಲಿಗ್ರಾಂ, 300 ಮಿಲಿಗ್ರಾಂ ಫೆರಸ್ ಗ್ಲೂಕೊನೇಟ್‌ನಲ್ಲಿ ಸುಮಾರು 35. ನಿಮಗೆ ಬೇಕಾದದ್ದು ಎರಡನೆಯ ಅಂಕಿ.

ದಿನಕ್ಕೆ ಮೂರು ಸಲ ನುಂಗಿದರೆ ಬೇಗ ತುಂಬುತ್ತದೆ ಎಂಬ ಹಳೆಯ ನಂಬಿಕೆ ಈಗ ಕುಸಿದಿದೆ. ಮಾತ್ರೆ ಒಳಹೋದೊಡನೆ ಹೆಪ್ಸಿಡಿನ್ ಎಂಬ ಅದೇ ಕಾವಲುಗಾರ ಎಚ್ಚೆತ್ತು, ಸುಮಾರು 24 ಗಂಟೆ ಬಾಗಿಲು ಬಿಗಿ ಮಾಡುತ್ತಾನೆ. ಮತ್ತೆ ಹಾಕಿದ ಮಾತ್ರೆಯ ಹೆಚ್ಚಿನ ಭಾಗ ಕರುಳಿನಲ್ಲೇ ಉಳಿದು ಹೊಟ್ಟೆನೋವು, ಮಲಬದ್ಧತೆ ತರುತ್ತದೆ. ಕೊರತೆಯಿರುವ ಯುವತಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿದಿನ ಕೊಟ್ಟಾಗ ಹೀರಿಕೆ ಸುಮಾರು ಶೇ 16 ಇದ್ದರೆ, ದಿನ ಬಿಟ್ಟು ದಿನ ಕೊಟ್ಟಾಗ ಸುಮಾರು ಶೇ 22 ಇತ್ತು. ಆದ್ದರಿಂದ ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಒಂದು ಸಾಕು. ಹೊಟ್ಟೆ ತಾಳದೆ ಮಾತ್ರೆ ಬಿಟ್ಟವರು ಈ ಕ್ರಮದಲ್ಲಿ ಮತ್ತೊಮ್ಮೆ ಪ್ರಯತ್ನಿಸಬಹುದು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ. ಹೊಟ್ಟೆ ತೊಳಸಿದರೆ ತುಸು ತಿಂದು ನುಂಗಿ, ಬಿಡುವುದಕ್ಕಿಂತ ಅದು ಮೇಲು. ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ, ಆಂಟಾಸಿಡ್‌ಗಳಿಗೆ ಎರಡು ಗಂಟೆಯ ಅಂತರವಿರಲಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ. ವಿಟಮಿನ್ ಸಿ ಮಾತ್ರೆಯನ್ನು ಜೊತೆಗೆ ನುಂಗಲೇಬೇಕೆಂಬ ಕಟ್ಟಳೆಯಿಲ್ಲ. 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅದರಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಊಟದ ಕಬ್ಬಿಣಕ್ಕೆ ಮಾತ್ರ ಹುಳಿ ಹಣ್ಣುಗಳು ನಿಜಕ್ಕೂ ನೆರವಾಗುತ್ತವೆ. ಮಾಂಸ, ಮೀನಿನ ಕಬ್ಬಿಣ ಸುಲಭವಾಗಿ ಮೈಗೆ ಸೇರುತ್ತದೆ. ಕಾಳು, ಬೇಳೆ, ಸೊಪ್ಪಿನದು ಕಡಿಮೆ ಸೇರುವುದರಿಂದ ಜೊತೆಗೆ ಹುಳಿ ಬೇಕು, ಊಟದ ಬೆನ್ನಿಗೇ ಚಹಾ ಬೇಡ. ಆದರೆ ಬರಿದಾದ ಉಗ್ರಾಣ ಊಟದಿಂದಷ್ಟೇ ತುಂಬದು.

ಮಲ ಕಪ್ಪಾಗುವುದು ಸಹಜ. ಅಂಟಂಟಾಗಿ ದುರ್ವಾಸನೆ ಬಂದರೆ ಮಾತ್ರ ಅದು ಬೇರೆ ವಿಷಯ. ಮಾತ್ರೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ, ಬೆರಳೆಣಿಕೆಯಷ್ಟು ನುಂಗಿದರೂ ಎಳೆಯ ಮಕ್ಕಳ ಜೀವಕ್ಕೆ ಕುತ್ತು.

ಮಾತ್ರೆ ಒಗ್ಗದಿದ್ದರೆ, ಉರಿಯೂತದ ಕಾಯಿಲೆಯಿಂದ ಬಾಗಿಲೇ ಮುಚ್ಚಿದ್ದರೆ, ಸ್ರಾವ ಮಾತ್ರೆಯನ್ನು ಮೀರಿಸುತ್ತಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣವೇ ಸರಿ. ನೋವಿರುವವರು ಒಂದು ಸಂಗತಿ ತಿಳಿದಿರಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಬಗೆಯನ್ನು ಪಡೆದವರಲ್ಲಿ ಕೆಲವರಿಗೆ ರಕ್ತದ ಫಾಸ್ಫೇಟ್ ಕುಸಿಯುತ್ತದೆ. ಮತ್ತೆ ಮತ್ತೆ ಪಡೆದರೆ ಮೂಳೆ ಮೆತ್ತಗಾಗಿ ಮೂಳೆನೋವು ಹುಟ್ಟಬಹುದು. ಡ್ರಿಪ್ ಹಾಕಿಸಿಕೊಂಡ ಮೇಲೆ ಸುಸ್ತು, ನೋವು ಇಳಿಯುವ ಬದಲು ಏರಿದರೆ ಫಾಸ್ಫೇಟ್ ಪರೀಕ್ಷೆ ಕೇಳಿ. ಸೂಜಿಯ ಜಾಗದಲ್ಲಿ ಉರಿ ಎನಿಸಿದರೆ ಕೂಡಲೇ ದಾದಿಗೆ ಹೇಳಿ, ಔಷಧಿ ಹೊರಗೆ ಸೋರಿದರೆ ಚರ್ಮದ ಕಲೆ ವರ್ಷಗಟ್ಟಲೆ ಉಳಿಯುತ್ತದೆ.

ಹೆಜ್ಜೆ 7: ಏನು ಇಳಿಯಿತು, ಏನು ಉಳಿಯಿತು

ಮಾತ್ರೆ ಆರಂಭಿಸಿ ಮೂರ್ನಾಲ್ಕು ವಾರಕ್ಕೆ ರಕ್ತ ನೋಡಿಸಿ. ರಕ್ತಹೀನತೆ ಇದ್ದವರಲ್ಲಿ ಅಷ್ಟರೊಳಗೆ ಹಿಮೋಗ್ಲೋಬಿನ್ 1ರಿಂದ 2 ಅಂಕ ಏರಿರಬೇಕು. ಏರಿಲ್ಲವೆಂದರೆ ಮಾತ್ರೆ ತಪ್ಪುತ್ತಿದೆ, ಹೀರಿಕೆಯಾಗುತ್ತಿಲ್ಲ ಅಥವಾ ಸೋರಿಕೆ ದೊಡ್ಡದಿದೆ. ಏರಿ ಸಹಜಕ್ಕೆ ಬಂದ ಮೇಲೂ ಇನ್ನು ಮೂರು ತಿಂಗಳು ಮುಂದುವರಿಸಬೇಕು. ಮುಂಭಾಗದ ಕಪಾಟು ತುಂಬಿದ ಮೇಲೆಯೇ ಸರಕು ಉಗ್ರಾಣಕ್ಕೆ ಹೋಗುವುದು.

ನೋವಿನ ಪುಸ್ತಕವನ್ನು ಮೂರನೆಯ ತಿಂಗಳಿಗೆ ಮತ್ತೆ ತೆರೆದು, ಮೊದಲ ಪುಟಗಳ ಪಕ್ಕದಲ್ಲಿಟ್ಟು ಓದಿ. ಏದುಸಿರು, ಎದೆಬಡಿತ, ಮಣ್ಣು ತಿನ್ನುವ ಆಸೆ ಬೇಗ ಹಿಂದೆಗೆಯುತ್ತವೆ. ಕಾಲಿನ ಚಡಪಡಿಕೆ, ಮಾಂಸಖಂಡದ ಬಳಲಿಕೆ ನಿಧಾನ. ಆಯಾಸದ ವಿಷಯದಲ್ಲಿ 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೆನಪಾಗುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದು ಫೆರಿಟಿನ್ 50ಕ್ಕಿಂತ ಕಡಿಮೆಯಿದ್ದ ಹೆಂಗಸರಿಗೆ 12 ವಾರ ಕಬ್ಬಿಣ ಕೊಟ್ಟಾಗ ಆಯಾಸದ ಅಂಕ ಸುಮಾರು ಶೇ 48 ಇಳಿಯಿತು. ಆದರೆ ಬರೀ ಹುಸಿಮಾತ್ರೆ ನುಂಗಿದವರಲ್ಲೂ ಶೇ 29 ಇಳಿಯಿತು. ಹಾಗಾಗಿ ಮೊದಲ ವಾರದ ಹುರುಪನ್ನು ತೀರ್ಪೆಂದು ತಿಳಿಯದೆ ಮೂರು ತಿಂಗಳ ಬರಹವನ್ನು ನಂಬಿ.

ಫೆರಿಟಿನ್ ತುಂಬಿದ ಮೇಲೂ ಒಂದೇ ಕೀಲು ಊದಿ ನೋಯುತ್ತಿದ್ದರೆ, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿದರೆ, ನೋವು ನರದ ಜಾಡಿನಲ್ಲಿ ಇಳಿಯುತ್ತಿದ್ದರೆ ಅದಕ್ಕೆ ಬೇರೆ ಕಾರಣವಿದೆ. ಅಲ್ಲಿ ಕಬ್ಬಿಣ ಹೆಚ್ಚಿಸಿ ಪ್ರಯೋಜನವಿಲ್ಲ, ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ದೇಹಕ್ಕಿಲ್ಲ. ಆಗ ದಿನಚರಿಯ ಪುಸ್ತಕವನ್ನೂ ಎರಡೂ ಸಲದ ವರದಿಗಳನ್ನೂ ಹಿಡಿದು ಸಂಧಿರೋಗ ಅಥವಾ ನರರೋಗ ತಜ್ಞರ ಬಳಿಗೆ ಹೋಗಿ.

ನೋವು ಇಳಿದವರೂ ಮಾತ್ರೆ ನಿಲ್ಲಿಸಿದ ಮೂರು ತಿಂಗಳಿಗೆ ಫೆರಿಟಿನ್ ಇನ್ನೊಮ್ಮೆ ನೋಡಿಸಬೇಕು. ಅದು ಮತ್ತೆ ಜಾರಿದ್ದರೆ ತೂತು ಇನ್ನೂ ಮುಚ್ಚಿಲ್ಲ, ಐದನೆಯ ಹೆಜ್ಜೆಗೆ ಹಿಂದಿರುಗಿ.